ಮೊದಲ ಹತ್ತು ಜೊತೆ ಬಾಗಿನ

ಇದನ್ನು ಬರೆಯಲು ಕೂತದ್ದು ಇದೇ ಮೊದಲಲ್ಲ. ಹಿಂದೆ ಎರಡು ಸಲ ನೋಟ್‌ಬುಕ್ ತೆಗೆದಿದ್ದೆ. ಅಂಗಡಿಯ ವಿಷಯ, ಜಯನಗರ ಆಗ ಹೇಗಿತ್ತು ಅನ್ನುವ ವಿಷಯ ಎಲ್ಲ ಬರೆದು, ಹೇಳಬೇಕಾದದ್ದು ಹತ್ತಿರ ಬಂದಾಗ ಪೆನ್ನಿನ ಕ್ಯಾಪು ಹಾಕಿ ಎದ್ದುಹೋಗಿದ್ದೆ. ಮಕ್ಕಳಿಗೆ ಹೇಳಿಲ್ಲ. ಹೆಂಡತಿಗೆ ಅರ್ಧ ಹೇಳಿದ್ದೆ. ಅವಳು ಹೋಗಿ ಆರು ವರ್ಷವಾಯಿತು. ಉಳಿದರ್ಧ ನನ್ನ ಹತ್ತಿರವೇ ಇದೆ. ನನಗೆ ಎಪ್ಪತ್ತು ದಾಟಿದೆ. ಇನ್ನೂ ಮುಂದೂಡುತ್ತಾ ಹೋದರೆ ಹೇಳುವವನೇ ಇರುವುದಿಲ್ಲ.

ತ್ಯಾಗರಾಜನಗರದ ಒಂದು ವಠಾರದಲ್ಲಿ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಮೊಳಕಾಲಷ್ಟು ಎತ್ತರದ ಜಗಲಿ. ಅಪ್ಪ ಅಮ್ಮ ಬೇಗ ಹೋದರು. ಅಣ್ಣ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಅತ್ತಿಗೆ ನಮ್ಮ ಮನೆಗೆ ಬಂದಾಗ ನನಗೆ ಹದಿಮೂರು. ಗಣಿತದಲ್ಲಿ ಎರಡು ಸಲ ಫೇಲಾದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತರಕಾರಿ ಹೆಚ್ಚುತ್ತಲೇ ಬಡ್ಡಿ ಲೆಕ್ಕ ಹೇಳಿಕೊಟ್ಟು ಎಸ್ಸೆಸ್ಸೆಲ್ಸಿ ದಾಟಿಸಿದವರು ಅವರು. ಅವರಿಗೆ ಇಪ್ಪತ್ತೊಂಬತ್ತು ತುಂಬುವ ಮೊದಲೇ ಅಣ್ಣ ಕಾಮಾಲೆ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ಕೆಲವು ತಿಂಗಳು ತಮ್ಮ ಅಣ್ಣನ ಮನೆಗೆ, ಅರಸೀಕೆರೆ ಕಡೆ, ಹೋಗಿದ್ದರು. ಮತ್ತೆ ಟ್ರಂಕು ಹಿಡಿದುಕೊಂಡು ವಾಪಸು ಬಂದರು. ಯಾಕೆ ಎಂದು ಕೇಳಿದರೆ, "ಅಲ್ಲಿ ನನ್ನ ಹೆಸರೇ ಮರ್ತುಹೋಗುತ್ತೆ ಕಣೋ. 'ಏ' ಅಂತಾರೆ, ನಾನು 'ಹಾ' ಅಂತೀನಿ. ಅಷ್ಟೇ ಮಾತು" ಎಂದರು, ನಗುತ್ತಾ.

ನಾನು ಆಗ ಜಯನಗರ ನಾಲ್ಕನೇ ಬ್ಲಾಕಿನ ಗ್ರಂಥಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರ, ಬೇರು ನಾರು, ಒಣ ಹೂವು ಮಾರುವ ಅಂಗಡಿ. ಗೌರಿ ಹಬ್ಬದ ವಾರ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಹಬ್ಬದ ದಿನ ಮುತ್ತೈದೆಯರು ಒಬ್ಬರಿಗೊಬ್ಬರು ಮೊರದ ಬಾಗಿನ ಕೊಡುತ್ತಾರೆ. ಹೊಸ ಬಿದಿರಿನ ಮೊರಕ್ಕೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಒಳಗೆ ಅಕ್ಕಿ, ಬೇಳೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಕಣ, ಬಳೆ, ಕನ್ನಡಿ, ಬಾಚಣಿಗೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ಕಟ್ಟುತ್ತಾರೆ. ಬ್ಯಾಂಕು, ಆಫೀಸುಗಳಲ್ಲಿ ಕೆಲಸ ಮಾಡುವ ಹೆಂಗಸರು ಆಗ ಜಯನಗರದಲ್ಲಿ ಹೆಚ್ಚಾಗುತ್ತಿದ್ದರು. ಸಂಜೆ ಆರು ಗಂಟೆಗೆ ಬಂದು ಅರಿಶಿನ ನಮ್ಮಲ್ಲಿ ಕೊಂಡು, ಬಳೆಗೆ ಒಂದು ಕಡೆ, ಕಣಕ್ಕೆ ಇನ್ನೊಂದು ಕಡೆ ಓಡಬೇಕು. ಮೊರಕ್ಕಂತೂ ಪೇಟೆಗೇ ಹೋಗಬೇಕು. ಒಬ್ಬಾಕೆ ಸುಸ್ತಾಗಿ, "ಪ್ಲಾಸ್ಟಿಕ್ ತಟ್ಟೆ ಆಗಲ್ವಾ ಸಾರ್? ಗೌರಮ್ಮ ಏನು ಬೈತಾಳಾ?" ಎಂದು ಕೇಳಿದ್ದನ್ನು ನಾನು ಮನೆಗೆ ಬಂದು ತಮಾಷೆಯಾಗಿ ಹೇಳಿದೆ.

ಅತ್ತಿಗೆ ನಗಲಿಲ್ಲ. "ಎಲ್ಲಾ ಸೇರಿಸಿ ನಾವೇ ಕಟ್ಟಿ ಕೊಟ್ರೆ?" ಎಂದರು.

"ಬಾಗಿನ ಯಾರಾದ್ರೂ ಕಟ್ಟಿರೋದು ತಗೋತಾರಾ ಅತ್ತಿಗೆ? ನಗ್ತಾರೆ."

"ಸಾರಿನ ಪುಡಿ ಅಂಗಡೀಲಿ ತಗೋತಾರೆ ಅಂದ್ರೆ ನಮ್ಮಮ್ಮಾನೂ ನಗ್ತಿದ್ರು. ಬರೋ ವರ್ಷ ಹತ್ತೇ ಹತ್ತು ಜೊತೆ ಮಾಡಿ ನೋಡೋಣ. ಹೋಗ್ಲಿಲ್ಲ ಅಂದ್ರೆ ಅಕ್ಕಿ ಬೇಳೆ ನಮ್ಮ ಒಲೆ ಮೇಲೇ ಬೇಯುತ್ತೆ. ಬೆಲ್ಲ ಪಾಯಸಕ್ಕೆ. ಮೊರ ವಠಾರದೋರು ತಗೋತಾರೆ. ನಷ್ಟ ಅಂದ್ರೆ ನಿನ್ನ ಮರ್ಯಾದೆ ಒಂದೇ. ಅದೂ ಏನು ಭಾರಿ ಇಲ್ಲ ಬಿಡು."

ಒಂದು ವಿಷಯವನ್ನು ಅವರು ಮೊದಲ ದಿನವೇ ಖಚಿತ ಮಾಡಿದರು. ಬಾಗಿನ ಮುತ್ತೈದೆಯ ಕೈಯಿಂದ ಮುತ್ತೈದೆಯ ಕೈಗೆ ಹೋಗುವಂಥದ್ದು. ಗಂಡ ಹೋದ ಹೆಂಗಸು ಅದಕ್ಕೆ ಕೈ ಸೋಕಿಸುವ ಹಾಗಿಲ್ಲ. ಅಂದಿನ ಮಾತು ಬಿಡಿ, ಎಷ್ಟೋ ಮನೆಗಳಲ್ಲಿ ಇಂದೂ ಹಾಗೆಯೇ. ಅತ್ತಿಗೆ ಹೇಳಿದರು: "ಅಕ್ಕಿ ಬೇಳೆ ಅಳೆಯೋದು, ಪೊಟ್ಟಣ ಕಟ್ಟೋದು ನಂದು. ಅಂಗಡಿಯೋನು ಅಳೆಯಲ್ವಾ, ಹಾಗೆ. ಅರಿಶಿನ ಕುಂಕುಮ, ಬಳೆ ನಾನು ಮುಟ್ಟಲ್ಲ. ಎದುರುಮನೆಯವರು ಮಾಡ್ಲಿ."

ಎದುರುಮನೆಯಾಕೆ ದೊಡ್ಡ ಗಂಟಲಿನ, ಒಳ್ಳೆಯ ಹೆಂಗಸು. ಒಪ್ಪಿಕೊಂಡರು. ನಾನು ಪೇಟೆಯ ಮೇದರ ಅಂಗಡಿಯಿಂದ ಮೊರಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದಾಗ, "ಏನಪ್ಪಾ, ಗಂಡಸಾಗಿ ಬಾಗಿನ ಮಾರೋಕೆ ಹೊರಟಿದ್ದೀಯ. ಉಳಿದ ಬಳೆ ನೀನೇ ತೊಟ್ಕೋ!" ಎಂದು ವಠಾರವೆಲ್ಲ ಕೇಳುವ ಹಾಗೆ ಕೂಗಿದರು. ಅತ್ತಿಗೆ ಒಳಗಿನಿಂದ, "ಅವನ ಕೈಗೆ ಅಳತೆ ಸಿಗಲ್ಲ ಬಿಡ್ರಿ" ಎಂದರು.

ಆ ಹತ್ತು ಜೊತೆ ನೋಡುವುದಕ್ಕೆ ಏನೂ ಚಂದವಿರಲಿಲ್ಲ. ಹಳೇ ನ್ಯೂಸ್‌ಪೇಪರಿನ ಪೊಟ್ಟಣಗಳು, ಮೇಲೊಂದು ಅರಿಶಿನದ ದಾರ. ಜಯನಗರದ ಬೀದಿಗಳಲ್ಲಿ ಸೈಕಲ್ ತಳ್ಳಿಕೊಂಡು ಮನೆಮನೆಗೆ ಹೋದೆ. ಮೊದಲ ಗೇಟಿನಲ್ಲೇ ಒಬ್ಬ ಅಜ್ಜಿ, "ಬಾಗಿನಾನೂ ರೆಡಿಮೇಡಾ? ಕೊಡೋಕೆ ಸೊಸೇನೂ ತಂದಿದ್ದೀಯಾ ಕ್ಯಾರಿಯರ್ ಮೇಲೆ?" ಎಂದರು. ಆದರೆ ಎರಡು ಮಧ್ಯಾಹ್ನದಲ್ಲಿ ಹತ್ತೂ ಹೋದವು. ಆ ಅಜ್ಜಿಯ ಸೊಸೆಯೇ ಹಿಂದೆ ಬಂದು ಗೇಟಿನ ಹತ್ತಿರ ಪಿಸುಮಾತಿನಲ್ಲಿ ಎರಡು ಕೇಳಿ ತೆಗೆದುಕೊಂಡಳು.

ಮಾರಿ ಬಂದರೆ ಅತ್ತಿಗೆಗೆ ಸಾಲದು. "ಏನು ಕಮ್ಮಿ ಅಂದ್ರು, ಏನು ಜಾಸ್ತಿ ಅಂದ್ರು, ಯಾಕೆ ಬೇಡ ಅಂದ್ರು, ಎಲ್ಲಾ ಹೇಳು" ಎಂದು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದುಕೊಳ್ಳುತ್ತಿದ್ದರು. ಕಣ ಚಿಕ್ಕದು, ತೋಳಿಗೆ ಸಾಲುವುದಿಲ್ಲ ಎಂದಿದ್ದರು. ಬೆಲ್ಲ ಮಳೆಗೆ ಒಸರಿತ್ತು. ಇಬ್ಬರು, ಅಕ್ಕಿ ನಮ್ಮ ಮನೆಯದೇ ಹಾಕುತ್ತೇವೆ, ಅಕ್ಕಿ ಇಲ್ಲದೆ ಕೊಡಿ ಎಂದಿದ್ದರು. ಎಲ್ಲವನ್ನೂ ಹೇಳಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಮೂರು ಮನೆಗಳಲ್ಲಿ, ಕೈಗೆ ತೆಗೆದುಕೊಳ್ಳುವ ಮೊದಲು, "ಮುತ್ತೈದೆಯರು ಕಟ್ಟಿರೋದು ತಾನೆ?" ಎಂದು ಕೇಳಿದ್ದರು. ನಾನು ಹೌದು ಎಂದಿದ್ದೆ. ಅರಿಶಿನ ಹಚ್ಚಿದ್ದು ಎದುರುಮನೆಯವರಾದ್ದರಿಂದ ಅದು ಪೂರ್ತಿ ಸುಳ್ಳೂ ಅಲ್ಲ. ಅದನ್ನು ಯಾಕೆ ಹೇಳಿ ನೋಯಿಸುವುದು ಎಂದುಕೊಂಡೆ. ನನ್ನ ಮನಸ್ಸಿನಲ್ಲಿ ಅದಷ್ಟೇ ಇತ್ತೋ, ಅವರು ಕೈಬಿಟ್ಟರೆ ಕೆಲಸ ನಿಲ್ಲುತ್ತದೆ ಅನ್ನುವ ಭಯವೂ ಇತ್ತೋ, ಈಗ ಬೇರ್ಪಡಿಸಿ ಹೇಳಲಾರೆ.

ಮುಂದಿನ ವರ್ಷ ಹಬ್ಬಕ್ಕೆ ತಿಂಗಳಿರುವಾಗಲೇ ಕೇಳಿಕೊಂಡು ಬಂದರು. ನಲವತ್ತು ಜೊತೆಗೆ ಮಾತಾಯಿತು. ಅದೇ ವರ್ಷ ನನಗೆ ಹೆಣ್ಣು ಗೊತ್ತಾಗಿತ್ತು, ಬನಶಂಕರಿ ಎರಡನೇ ಸ್ಟೇಜಿನವರು. ಹಬ್ಬ ಕಳೆದ ಮೇಲೆ ಕಾರ್ತಿಕದಲ್ಲಿ ಮದುವೆ. ಇರುವುದು ಒಂದೇ ಕೋಣೆ. ಹೊಸ ಹೆಣ್ಣು ಬಂದರೆ ಅತ್ತಿಗೆ ಎಲ್ಲಿ ಎನ್ನುವುದನ್ನು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಅವರೇ ದಾರಿ ಹುಡುಕಿದ್ದರು. ವಠಾರದ ಹಿಂದುಗಡೆ ಬಚ್ಚಲಿಗೆ ಅಂಟಿಕೊಂಡ ಒಂದು ಸಣ್ಣ ರೂಮು ಖಾಲಿ ಬಿದ್ದಿತ್ತು. ಮನೆ ಓನರಿನ ಹತ್ತಿರ ಹೋಗಿ, ಹಬ್ಬ ಮುಗಿಯುವವರೆಗೆ ಬೇರೆ ಯಾರಿಗೂ ಕೊಡಬೇಡಿ ಎಂದು ಹೇಳಿ ಬಂದಿದ್ದರು. ಬಾಗಿನ ನಡೆದರೆ ಅದು ಅವರ ರೂಮು. ನಡೆಯದಿದ್ದರೆ ಅರಸೀಕೆರೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಆ ರೂಮಿನ ಕಿಟಕಿ ಒರೆಸುತ್ತಾ, "ಇಲ್ಲಿ ಬೆಳಕು ಚೆನ್ನಾಗಿದೆ. ಮೊರ ಎಲ್ಲ ಈ ಗೋಡೆಗೆ ಒರಗಿಸಿಡಬಹುದು" ಎಂದಿದ್ದರು.

ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಎದುರುಮನೆಯಾಕೆ ಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತೆಂದು ಕೋಲಾರಕ್ಕೆ ಹೊರಟುಹೋದರು. ಮೊರಗಳು ತೊಳೆದು ಒಣಗಿ ಕೂತಿದ್ದವು.

"ಬೇರೆ ಯಾರನ್ನಾದ್ರೂ ಕರೆಯೋಣ" ಎಂದರು ಅತ್ತಿಗೆ.

"ಕರೆದ್ರೆ ಕೆಲಸ ಕಲ್ತು ನಾಳೆ ಅವರೇ ಶುರು ಮಾಡ್ತಾರೆ. ನೀವೇ ಹಚ್ಚಿಬಿಡಿ ಅತ್ತಿಗೆ. ಯಾರು ನೋಡ್ತಾರೆ?"

"ಛೆ, ಬೇಡಪ್ಪ. ಯಾರಾದ್ರೂ ಕೇಳಿದ್ರೆ?"

"ಯಾರೂ ಕೇಳಲ್ಲ. ಹೋದ ವರ್ಷ ಒಬ್ಬರಾದ್ರೂ ಕೇಳಿದ್ರಾ? ನಾನು ಹೇಳಿದ್ನಾ?"

ಅವರು ನನ್ನ ಮುಖ ನೋಡಿದರು. ನಾನು ಹೇಳಿದ್ದನ್ನು ಅವರು ನಂಬುತ್ತಿದ್ದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಮತ್ತೆ ಹೋಗಿ ಮತ್ತೆ ತೊಳೆದರು. ಬಟ್ಟಲಲ್ಲಿ ಅರಿಶಿನ ಕಲಸಿ ಮೊದಲ ಮೊರಕ್ಕೆ ಒಂದೇ ಬೆರಳ ತುದಿಯಲ್ಲಿ ಹಚ್ಚಿದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಇಡೀ ಅಂಗೈಯಲ್ಲಿ ಬಳಿಯುತ್ತಿದ್ದರು. "ಸಾರಿಗೆ ಹಾಕೋ ಅರಿಶಿನಾನೇ ಬೇರೆ, ಇದೇ ಬೇರೆ ಕಣೋ" ಎಂದರು. ಅಣ್ಣ ಹೋದ ನಾಲ್ಕು ವರ್ಷದಲ್ಲಿ ನಾನು ಅವರ ಮುಖದಲ್ಲಿ ಅಂಥ ಶಾಂತಿ ಕಂಡಿರಲಿಲ್ಲ. ಕೆಲಸ ಮುಗಿದರೂ ಸುಮಾರು ಹೊತ್ತು ಕೈ ತೊಳೆಯಲಿಲ್ಲ. ಅಂಗೈ ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಾಲ್ಕು ದಿನದಲ್ಲಿ ಹದಿನೇಳು ಮನೆಗೆ ಕೊಟ್ಟು ಬಂದೆ. ಐದನೆಯ ದಿನ ಬೆಳಗ್ಗೆ, ಹಾಗೆ ಕೊಟ್ಟಿದ್ದ ಮನೆಯೊಂದರ ಹೆಂಗಸು ಆಟೋದಲ್ಲಿ ನಮ್ಮ ವಠಾರಕ್ಕೇ ಬಂದರು. ಐದನೇ ಬ್ಲಾಕಿನವರು, ನಮ್ಮ ಅಂಗಡಿಯ ಹಳೇ ಗಿರಾಕಿ. ಅವರ ಮಾತಿನ ಮೇಲೇ ಎಂಟು ಹತ್ತು ಮನೆಯವರು ನಮಗೆ ಬಾಗಿನಕ್ಕೆ ಹೇಳಿದ್ದರು. ಇನ್ನೆರಡು ಜೊತೆ ಬೇಕಾಗಿತ್ತಂತೆ. ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದರು. ನಾನು ಸೈಕಲ್ಲಿಗೆ ಹಗ್ಗ ಬಿಗಿಯುತ್ತಿದ್ದೆ. ಅತ್ತಿಗೆ ಜಗಲಿಯ ಬಿಸಿಲಿನಲ್ಲಿ ಕೂತು ಮೊರಕ್ಕೆ ಅರಿಶಿನ ಬಳಿಯುತ್ತಿದ್ದರು. ಮುಂಗೈವರೆಗೂ ಹಳದಿ. ಬರಿ ಹಣೆ, ಬರಿ ಕೈ.

ಆಕೆ ಅಲ್ಲೇ ನಿಂತರು. "ಇವರು ಯಾರು?"

ನನ್ನ ಅತ್ತಿಗೆ ಎನ್ನಬೇಕಿತ್ತು. ಎರಡು ಮಾತು.

"ಕೆಲಸದೋರು ಮೇಡಂ" ಎಂದೆ.

"ಅರಿಶಿನ ಹಚ್ತಾ ಇದ್ದಾರಲ್ಲ!"

"ಮೊರ ತೊಳೆಯೋಕೆ ಅಂತ ಕರೆದಿದ್ದು ಮೇಡಂ. ಹಚ್ಚೋಕೆ ನಾನು ಹೇಳಿಲ್ಲ. ಬೇಡ ಅಂದಿದ್ದೆ. ತಾವಾಗೇ ಕೈ ಹಾಕ್ಬಿಟ್ಟಿದ್ದಾರೆ."

ಆಕೆ ಅತ್ತಿಗೆಯ ಕಡೆ ತಿರುಗಿದರು. "ಏನಮ್ಮಾ, ನಿಂಗಾದ್ರೂ ತಿಳೀಬಾರದಾ? ಮಕ್ಕಳು ಮರಿ ಇರೋ ಮನೆಗೆ ಹೋಗೋ ಬಾಗಿನ ಇದು."

ಅತ್ತಿಗೆ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಮೊರವನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಿಂತು, "ತಪ್ಪಾಯ್ತಮ್ಮ. ಇವರು ಬೇಡ ಅಂದಿದ್ರು. ನಾನೇ ಕೇಳ್ಲಿಲ್ಲ" ಎಂದರು.

ಹದಿಮೂರನೇ ವಯಸ್ಸಿನಿಂದ ನನ್ನನ್ನು ಬಾರೋ ಹೋಗೋ ಎಂದವರು. ಅವತ್ತು ನಾನು ಅವರ ಬಾಯಲ್ಲಿ 'ಇವರು' ಆದೆ. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ಅವರೇ ನಿಲ್ಲಿಸಿಕೊಟ್ಟರು.

"ನಮ್ಮನೆಗೆ ಕೊಟ್ಟಿದ್ದೂ ಇವಳ ಕೈದೇನಾ?"

"ಎಲ್ಲಾ ಬದಲಾಯಿಸಿ ಕೊಡ್ತೀನಿ ಮೇಡಂ. ಕ್ಷಮಿಸಿಬಿಡಿ. ಇನ್ನು ಇವರನ್ನ ಇದರ ಹತ್ತಿರ ಸೇರಿಸಲ್ಲ."

ಆ ಹೆಂಗಸನ್ನು ನಾನು ದೂರುವುದಿಲ್ಲ. ಆಕೆ ನಂಬಿದ್ದನ್ನು ಆಕೆ ಹೇಳಿದರು. ನನಗೆ ಅಂಥ ನಂಬಿಕೆಯೂ ಇರಲಿಲ್ಲ. ವ್ಯಾಪಾರ ಕೆಡುತ್ತದೆ, ಮಾತು ಬನಶಂಕರಿಯವರೆಗೆ ಹೋದರೆ ಮದುವೆಗೆ ಏನಾದರೂ ಆದೀತು ಅನ್ನುವ ಹೆದರಿಕೆ ಅಷ್ಟೇ ಇತ್ತು.

ಆಟೋ ಹೋದ ಮೇಲೆ ಅತ್ತಿಗೆ ಬಚ್ಚಲಿಗೆ ಹೋಗಿ ಕೈ ತೊಳೆದರು. ಅರಿಶಿನ ಬೇಗ ಬಿಡುವುದಿಲ್ಲ. ಸೀಗೇಪುಡಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ತಿರುಗದೆಯೇ ಕೇಳಿದರು:

"ಹೋದ ವರ್ಷ ಕೇಳಿದ್ರು, ಅಲ್ವಾ?"

ಬಾಗಿಲ ಚಿಲಕಕ್ಕೆ ಅಂಟಿದ್ದ ಅರಿಶಿನವನ್ನು ಉಗುರಿನಿಂದ ಕೆರೆದೆ.

"ಹೇಳಿದ್ರೆ ನಾನು ಮುಟ್ತಾನೇ ಇರ್ಲಿಲ್ವಲ್ಲೋ" ಎಂದರು.

ಬೈದಿದ್ದರೆ ನನಗೆ ಬದುಕು ಸಲೀಸಾಗುತ್ತಿತ್ತು. ಅವರು ಬೈಯಲಿಲ್ಲ. ಮಧ್ಯಾಹ್ನದೊಳಗೆ ತಾವೇ ಯೋಚನೆ ಮಾಡಿ, ಮಾರ್ಕೆಟ್ಟಿನ ಹತ್ತಿರ ಹೂ ಕಟ್ಟುವ ಇಬ್ಬರು ಹೆಂಗಸರನ್ನು ಕರೆದುಕೊಂಡು ಬಾ ಎಂದರು. ಹೊಸ ಮೊರಗಳಿಗೆ ಅವರು ಜಗಲಿಯಲ್ಲಿ ಅರಿಶಿನ ಹಚ್ಚಿದರು. ಅತ್ತಿಗೆ ಅಡುಗೆಮನೆಯಲ್ಲಿ, ಬಾಗಿಲು ಅರ್ಧ ಮುಚ್ಚಿಕೊಂಡು, ಬೇಳೆ ಅಳೆದು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದರು. ಪೊಟ್ಟಣ ಕೊಡುವಾಗ ಕೈ ಸೋಕದ ಹಾಗೆ ಕೆಳಗಿಟ್ಟು ದೂರ ಸರಿಯುತ್ತಿದ್ದರು, ನಾನೇ ಮಡಿಯಲ್ಲಿದ್ದೇನೆ ಎನ್ನುವ ಹಾಗೆ.

ಹದಿನೇಳು ಮನೆಗೂ ಹೋದೆ. ಹಳೆಯದನ್ನು ವಾಪಸು ತೆಗೆದುಕೊಂಡು ಹೊಸದನ್ನು ಕೊಟ್ಟೆ. ಹದಿನೇಳು ಬಾಗಿಲಲ್ಲೂ ಕೈಮುಗಿದು, "ಕೆಲಸದವಳು ತಿಳೀದೆ ಮಾಡಿಬಿಟ್ಟಳು, ಕ್ಷಮಿಸಿ" ಎಂದೆ. ಮೊದಲ ಮನೆಯಲ್ಲಿ ನಾಲಿಗೆ ತಡವರಿಸಿತು. ಕೊನೆಯ ಮನೆಗೆ ಬರುವ ಹೊತ್ತಿಗೆ ಮಾತು ಸರಾಗವಾಗಿತ್ತು. ಒಬ್ಬಾಕೆ, "ಹೋಗ್ಲಿ ಬಿಡಿ, ನಿಮ್ಮಂಥ ಪ್ರಾಮಾಣಿಕರು ಸಿಗಲ್ಲ" ಎಂದು ಕಾಫಿ ಕೊಟ್ಟರು. ಕುಡಿದು ಬಂದೆ.

ನಲವತ್ತೂ ಹೋದವು. ಹಬ್ಬ ಮುಗಿದ ಮೇಲೆ ಅತ್ತಿಗೆ ಓನರಿನ ಹತ್ತಿರ ಹೋಗಿ ಹಿಂದಿನ ರೂಮು ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಿದರು. ತಮ್ಮ ಅಣ್ಣನಿಗೆ ಇನ್‌ಲ್ಯಾಂಡ್ ಲೆಟರ್ ಬರೆದು, ಅಂಚೆ ಡಬ್ಬಿಗೆ ಹಾಕು ಎಂದು ನನ್ನ ಕೈಗೇ ಕೊಟ್ಟರು. ಒಳಗೇನಿದೆ ಎಂದು ನನಗೆ ಗೊತ್ತಿತ್ತು. ಹಾಕಿ ಬಂದೆ. ಹೊರಡುವ ದಿನ, ಕಾಟಾಚಾರಕ್ಕೆ ಎಂಬಂತೆ, "ಮದುವೆ ಮುಗಿಸ್ಕೊಂಡು ಹೋಗಿ ಅತ್ತಿಗೆ" ಎಂದೆ.

ಅವರು ಟ್ರಂಕಿನ ಚಿಲಕ ಹಾಕುತ್ತಾ, "ಮದುವೆ ಮನೇಲಿ ನಾನು ಯಾರು ಅಂತ ಕೇಳಿದ್ರೆ ಏನು ಹೇಳ್ತೀಯೋ?" ಎಂದರು. ಚುಚ್ಚಬೇಕೆಂದು ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವ ಹಾಗೆ ಕೇಳಿದರು. ಉತ್ತರ ನನ್ನ ಬಾಯಲ್ಲೇ ಇತ್ತು. ಟ್ರಂಕು ಎತ್ತಿಕೊಂಡು ಮುಂದೆ ನಡೆದೆ. ರೈಲು ಹತ್ತಿಸಿ ಬಂದೆ.

ಆಮೇಲಿನದು ನನ್ನ ಏಳಿಗೆಯ ಕತೆ. ಅದನ್ನು ಬರೆಯಲು ನಾಚಿಕೆ. ಎಂಬತ್ತರ ದಶಕದಲ್ಲಿ ಬನಶಂಕರಿಯಲ್ಲಿ ನನ್ನದೇ ಅಂಗಡಿಯಾಯಿತು. ಗೌರಿ ಹಬ್ಬಕ್ಕೆ ನಮ್ಮ ಬಾಗಿನವೇ ಬೇಕು ಎಂದು ಜೆ.ಪಿ. ನಗರದಿಂದ ಬರುತ್ತಿದ್ದರು. ಆಗಿನ್ನೂ ಹೊಲ ತೋಟ ಇದ್ದ ಇಟ್ಟಮಡುವಿನಿಂದಲೂ ಬರುತ್ತಿದ್ದರು. ಅಕ್ಕಿ ಇಲ್ಲದ್ದು, ದೊಡ್ಡ ಕಣದ್ದು, ಎಲ್ಲವೂ ಆ ಕ್ಯಾಲೆಂಡರಿನ ಹಿಂದೆ ಬರೆದಿದ್ದ ಪ್ರಕಾರವೇ. ಅರಿಶಿನ ಹಚ್ಚುತ್ತಿದ್ದವಳು ನನ್ನ ಹೆಂಡತಿ. ಇದು ಯಾರ ತಲೆಯಲ್ಲಿ ಹುಟ್ಟಿದ್ದು ಎಂದು ಅವಳಿಗೆ ಹೇಳಿದ್ದೆ. ಅವರು ಯಾಕೆ ಹೋದರು ಎಂದು ಹೇಳಿರಲಿಲ್ಲ. ಅವರಿಗೇ ಊರು ಇಷ್ಟವಾಯಿತು ಎಂದಿದ್ದೆ.

ಒಂದೇ ಸಲ ಅರಸೀಕೆರೆಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬಸ್ಸಿನಲ್ಲಿ ಮಾತನ್ನು ಜೋಡಿಸಿಕೊಂಡಿದ್ದೆ. ಅವರು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಕೂದಲು ನರೆತಿತ್ತು. ನನ್ನನ್ನು ಕಂಡು, ಕೈ ಒರೆಸಿಕೊಂಡು, "ಬಂದ್ಯಾ? ದಪ್ಪ ಆಗಿದ್ದೀಯಲ್ಲೋ!" ಎಂದರು. ಒಳಗಿನಿಂದ ಯಾರೋ "ಏ, ಒಲೆ ಮೇಲೆ ಹಾಲಿದೆ" ಎಂದು ಕೂಗಿದರು. "ಹಾ" ಎಂದು ಹೋಗಿ ಬಂದರು. ಕಾಫಿ ಕೊಟ್ಟು ಎದುರಿಗೆ ನೆಲದ ಮೇಲೆ ಕೂತು ಕೇಳಿದ ಮೊದಲ ಮಾತು, "ಈ ವರ್ಷ ಎಷ್ಟು ಜೊತೆ ಹೋಯ್ತು?"

ಹೇಳಿದೆ. ಅವರ ಕಣ್ಣು ದೊಡ್ಡದಾಯಿತು. ಒಂದೊಂದನ್ನೂ ಬಿಡಿಸಿ ಕೇಳಿದರು. ಬೆಲ್ಲ ಇನ್ನೂ ಒಸರುತ್ತದೆಯೇ, ದಾರ ಯಾವುದು, ಜನ ಈಗ ಏನು ಕಮ್ಮಿ ಅನ್ನುತ್ತಾರೆ. "ಬೆಲ್ಲಾನ ಮುತ್ತುಗದ ಎಲೇಲಿ ಸುತ್ತಿ ಆಮೇಲೆ ಕಾಗದ ಹಾಕು. ನನಗೆ ಇಲ್ಲಿಗೆ ಬಂದ್ಮೇಲೆ ಹೊಳೀತು. ಕಾರ್ಡು ಬರೆಯೋಣ ಅಂತಿದ್ದೆ" ಎಂದರು. ಬಸ್ಸಿನಲ್ಲಿ ಜೋಡಿಸಿದ್ದ ಮಾತನ್ನು ಆಡಲಿಲ್ಲ. ಅವರು ಅಷ್ಟು ಖುಷಿಯಾಗಿರುವಾಗ ಯಾಕೆ ಹಳೆಯದನ್ನು ಕೆದಕುವುದು ಎಂದುಕೊಂಡೆ. ಈ ಯೋಚನೆ ನನಗೆ ಹೊಸದಲ್ಲ. ನೋಯಿಸಬಾರದು ಎಂದು ಸುಮ್ಮನಿರುವುದನ್ನು ನಾನು ಮೊದಲ ವರ್ಷವೇ ಕಲಿತಿದ್ದೆ. ಬಸ್ ಸ್ಟ್ಯಾಂಡಿನವರೆಗೂ ಬಂದರು. ಬಸ್ಸು ಹೊರಟಾಗ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, "ಎಲೆ ಒಣಗಿರ್ಬಾರ್ದು, ನೋಡ್ಕೋ" ಎಂದರು.

ಎರಡು ವರ್ಷದ ನಂತರ ಅವರ ಅಣ್ಣನಿಂದ ಒಂದು ಕಾರ್ಡು ಬಂತು. ಅದು ನನ್ನ ಕೈ ಸೇರುವ ಹೊತ್ತಿಗೆ ಹದಿಮೂರನೆಯ ದಿನವೂ ಕಳೆದಿತ್ತು. ಅಂಗಡಿಯಲ್ಲಿ ನಿಂತೇ ಓದಿದೆ. ಗಿರಾಕಿಗಳಿದ್ದರು. ಅವರಿಗೆ ಕರ್ಪೂರ ಕಟ್ಟಿಕೊಟ್ಟೆ.

ಹದಿನೇಳು ಮನೆಯವರಲ್ಲಿ ನಾನು ಕ್ಷಮೆ ಕೇಳಿದ್ದೇನೆ. ಅವರಿಗೆ ನನ್ನಿಂದ ಆದ ತಪ್ಪೇನು ಎಂದು ಇವತ್ತಿಗೂ ಹುಡುಕುತ್ತೇನೆ, ಸಿಗುವುದಿಲ್ಲ. ಅವತ್ತು ಜಗಲಿಯ ಮೇಲೆ ಹಳದಿ ಕೈಯಲ್ಲಿ ಎದ್ದು ನಿಂತು ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರಲ್ಲಿ ಮಾತ್ರ ಕೇಳಲಿಲ್ಲ. ಅವರು ಯಾರು ಎಂದು ಐದನೇ ಬ್ಲಾಕಿನಾಕೆ ಕೇಳಿದ್ದರು. ಅವರು ನನ್ನ ಅಣ್ಣನ ಹೆಂಡತಿ, ನನ್ನನ್ನು ಬೆಳೆಸಿದವರು, ನನ್ನ ಅತ್ತಿಗೆ.